ಸಂಕ್ರಾಂತಿಯ ಕಿಚ್ಚು, ಶಿವರಾತ್ರಿಯ ಕಾಡ್ಗಿಚ್ಚು

(ಬೆಂಗಳೂರಿನ ಜಯನಗರದಲ್ಲಿ ನವೆಂಬರ್ ತಿಂಗಳ ಒಂದು ಭಾನುವಾರ ಬೆಳಿಗ್ಗೆ, ಕಾಡ್ಗಿಚ್ಚು ತಡೆಯಲು ಮೊದಲೇ ಹಚ್ಚುವ ಸಣ್ಣ ಬೆಂಕಿಯ ಬಗ್ಗೆ ಆಡಿದ ಮಾತುಗಳ ಬರಹ ರೂಪ)

2019ರ ಫೆಬ್ರವರಿ 23, ಶನಿವಾರ. ಯಲಹಂಕದಲ್ಲಿ ಏರ್ ಶೋ ನಡೆಯುತ್ತಿತ್ತು. ನಿಮ್ಮಲ್ಲಿ ಕೆಲವರು ಅಲ್ಲೇ ಇದ್ದಿರಬಹುದು. ಮಧ್ಯಾಹ್ನದ ಹೊತ್ತಿಗೆ ಕಾರು ನಿಲ್ಲಿಸಿದ್ದ ಬಯಲಿನಲ್ಲಿ ಬೆಂಕಿ ಎದ್ದಿತು. ಸುಮಾರು 300 ಕಾರು ಸುಟ್ಟು ಕರಕಲಾದವು. ಬೆಂಕಿಯನ್ನು ಕಾರಿನಿಂದ ಕಾರಿಗೆ ದಾಟಿಸಿದ್ದು ನೆಲದ ಒಣಹುಲ್ಲು, ಬಿಸಿಲು, ಗಾಳಿ.

ಅದೇ ದಿನ, ಇಲ್ಲಿಂದ ಇನ್ನೂರು ಚಿಲ್ಲರೆ ಕಿಲೋಮೀಟರ್ ಆಚೆ, ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಸುತ್ತ ಕಾಡು ಉರಿಯುತ್ತಿತ್ತು. ಎರಡು ದಿನ ಮೊದಲು ಹತ್ತಿದ ಬೆಂಕಿ ಅದು. 25ನೇ ತಾರೀಖು ವಾಯುಪಡೆಯ ಹೆಲಿಕಾಪ್ಟರ್‌ಗಳು ದೊಡ್ಡ ಬಕೆಟ್ ತೂಗುಹಾಕಿಕೊಂಡು ಬಂದು ನೀರು ಸುರಿದವು. ಎಲ್ಲ ಮುಗಿದ ಮೇಲೆ ಉಪಗ್ರಹ ಚಿತ್ರ ನೋಡಿ ಲೆಕ್ಕ ಹಾಕಿದಾಗ 10,000 ಎಕರೆಗಿಂತ ಜಾಸ್ತಿ ಸುಟ್ಟಿತ್ತು.

ಆ ಭಾನುವಾರ ನಾನು ಗೆಳೆಯರ ಜೊತೆ ಅಲ್ಲಿಗೆ ಹೋಗಿದ್ದೆ. ಬೆಂಗಳೂರಿನಿಂದ, ಮೈಸೂರಿನಿಂದ ತುಂಬ ಜನ ಹೋಗಿದ್ದರು. ನಮ್ಮ ಕೈಗೆ ಹಸಿ ಸೊಪ್ಪಿನ ಕೊಂಬೆ ಕೊಟ್ಟರು. ಅದರಲ್ಲಿ ಬಡಿದು ಆರಿಸಬೇಕು. ಮುಖ ಬೇಯುವಷ್ಟು ಶಾಖ. ಒಂದು ಕಡೆ ಆರಿಸಿ ತಿರುಗಿದರೆ ಬೆನ್ನ ಹಿಂದೆ ಮತ್ತೆ ಹತ್ತಿಕೊಂಡಿರುತ್ತಿತ್ತು. ಸಂಜೆ ನಮ್ಮ ಜೊತೆಗಿದ್ದ ವಾಚರ್ (ಕಾಡು ಕಾಯುವವರು) ಒಬ್ಬರು, ಆದಿವಾಸಿ ಹಾಡಿಯ ಹಿರಿಯರು, ಬಂಡೆಗೆ ಒರಗಿ ಕೂತು ನೀರು ಕುಡಿದರು. ಆಮೇಲೆ ಹೇಳಿದರು: “ಈಗ ಬಂದಿದ್ದೀರಿ ಸಾ. ಸಂಕ್ರಾಂತಿಗೆ ಬಂದಿದ್ರೆ ಈ ಕೆಲ್ಸಾನೇ ಇರ್ತಿರ್ಲಿಲ್ಲ.”

ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿರುವುದನ್ನು ಗೊತ್ತಿರುವ ಹಾಗೆ ಹೇಳಿದರು, ಅಷ್ಟೆ. ಆದರೆ ಆ ಮಾತು ನನ್ನನ್ನು ಇವತ್ತಿನವರೆಗೂ ಬಿಟ್ಟಿಲ್ಲ. ಅವರು ಹೇಳಿದ್ದರ ಅರ್ಥ ಏನು ಅಂತ ತಿಳಿದುಕೊಳ್ಳುವುದಕ್ಕೆ ನನಗೆ ಕೆಲವು ವರ್ಷ ಬೇಕಾಯಿತು. ಅದನ್ನೇ ಈಗ ನಿಮ್ಮ ಮುಂದೆ ಇಡುತ್ತೇನೆ.

ಸಂಕ್ರಾಂತಿ ಅಂದೆನಲ್ಲ, ಸ್ವಲ್ಪ ಆ ಕಡೆ ಹೋಗಿ ಬರೋಣ. ನಮ್ಮೂರು ಮದ್ದೂರಿನ ಕಡೆ. ಸಂಕ್ರಾಂತಿಯ ದಿನ ದನಗಳ ಮೈತೊಳೆದು, ಕೊಂಬಿಗೆ ಬಣ್ಣ ಬಳಿದು, ಸಂಜೆ ಕಿಚ್ಚು ಹಾಯಿಸುತ್ತಾರೆ. ದಾರಿಗೆ ಅಡ್ಡಲಾಗಿ ಒಣಹುಲ್ಲು ಹರಡುತ್ತಾರೆ. ಹಚ್ಚುವ ಮೊದಲು ದೊಡ್ಡವರೊಬ್ಬರು ಗಾಳಿ ಯಾವ ಕಡೆಗೆ ಅಂತ ನೋಡುತ್ತಾರೆ. ಹತ್ತಿರದಲ್ಲಿ ಬಣವೆ ಇದ್ದರೆ ಅಲ್ಲಿ ಹಚ್ಚುವುದೇ ಇಲ್ಲ. ಎರಡೂ ಕಡೆ ಜನ ನಿಂತಿರುತ್ತಾರೆ. ದನಗಳು ಹಾರಿ ದಾಟಿದ ಮೇಲೆ ಯಾರೋ ಒಬ್ಬರು ಬೂದಿಗೆ ನೀರು ಹಾಕಿಯೇ ಮನೆಗೆ ಹೋಗುತ್ತಾರೆ. ಚಿಕ್ಕವನಿದ್ದಾಗ ನನಗೆ ಅದು ಬರೀ ಹಬ್ಬ, ಎಳ್ಳು ಬೆಲ್ಲ, ಗಲಾಟೆ. ಈಗ ನೆನೆಸಿಕೊಂಡರೆ ಅಲ್ಲಿ ಎಷ್ಟೊಂದು ಲೆಕ್ಕಾಚಾರ ಇತ್ತು ಅನಿಸುತ್ತದೆ. ಎಷ್ಟು ಹುಲ್ಲು, ಯಾವ ಜಾಗ, ಯಾವ ಹೊತ್ತು, ಯಾರು ಎಲ್ಲಿ ನಿಲ್ಲಬೇಕು, ಎಲ್ಲವೂ ಮೊದಲೇ ಗೊತ್ತು.

ಕಾಡು ನೋಡಿಕೊಳ್ಳುವವರು ‘ಪ್ರಿಸ್ಕ್ರೈಬ್ಡ್ ಬರ್ನಿಂಗ್’ ಎಂದು ಕರೆಯುವುದೂ ಇಂಥದ್ದನ್ನೇ. ಡಾಕ್ಟರು ಚೀಟಿ ಬರೆದುಕೊಡುತ್ತಾರಲ್ಲ, ಯಾವ ಮಾತ್ರೆ, ಎಷ್ಟು, ಊಟಕ್ಕೆ ಮುಂಚೆಯೋ ಆಮೇಲೋ ಅಂತ, ಹಾಗೆ. ಕನ್ನಡದಲ್ಲಿ ನಿಯಂತ್ರಿತ ಬೆಂಕಿ ಎಂದು ಬರೆಯುತ್ತಾರೆ. ನನಗೆ ‘ಹೊತ್ತು ನೋಡಿ ಹಚ್ಚುವ ಬೆಂಕಿ’ ಅನ್ನುವುದು ಇಷ್ಟ. ಯಾಕೆಂದರೆ ಎಲ್ಲ ಗುಟ್ಟೂ ಆ ಹೊತ್ತಿನಲ್ಲೇ ಇದೆ.

ಬೆಂಕಿಗೆ ಮೂರು ಬೇಕು. ಗಾಳಿ, ಕಾವು, ಉರಿಯುವ ವಸ್ತು. ಗಾಳಿಯನ್ನು ಯಾರೂ ತಡೆಯಲಾರರು. ಕಾವನ್ನೂ ಪೂರ್ತಿ ತಡೆಯಲಾಗದು. ಸಾವಿರ ಜನರಲ್ಲಿ ಒಬ್ಬ ಬೀಡಿ ಎಸೆದರೆ ಸಾಕು. ನಮ್ಮ ಕೈಗೆ ಸಿಗುವುದು ಮೂರನೆಯದು, ನೆಲದ ಮೇಲೆ ಬಿದ್ದಿರುವ ಹುಲ್ಲು, ತರಗು, ಕಡ್ಡಿ. ಅದು ವರ್ಷವರ್ಷವೂ ಸೇರುತ್ತಾ ಹೋಗುತ್ತದೆ. ಮಳೆ ಚೆನ್ನಾಗಿ ಆದ ವರ್ಷ ಕಾಡಿಗೆ ಒಳ್ಳೆಯದು ಅಂತ ನಾವು ಅಂದುಕೊಳ್ಳುತ್ತೇವೆ. ಒಳ್ಳೆಯದೇ. ಆದರೆ ಆ ಮಳೆಗೆ ಬೆಳೆದ ಹುಲ್ಲೇ ಮುಂದಿನ ಫೆಬ್ರವರಿಗೆ ಸೌದೆ. 2018ರಲ್ಲಿ ಬಂಡೀಪುರದ ಕಡೆ ಮಳೆ ಚೆನ್ನಾಗಿತ್ತು ಅನ್ನುವುದನ್ನು ಮರೆಯಬೇಡಿ.

ಈಗ ಡಿಸೆಂಬರ್ ಕೊನೆಯ ಕಾಡು ನೆನೆಸಿಕೊಳ್ಳಿ. ರಾತ್ರಿ ಇಬ್ಬನಿ ಬೀಳುತ್ತದೆ. ಹುಲ್ಲು ಮೇಲೆ ಒಣಗಿರುತ್ತದೆ, ಬುಡದಲ್ಲಿ ಇನ್ನೂ ತೇವ. ಆಗ ಹಚ್ಚಿದರೆ ಉರಿ ಮೊಣಕಾಲು ದಾಟುವುದಿಲ್ಲ. ತೇವ ಸಿಕ್ಕಲ್ಲಿ ನಿಲ್ಲುತ್ತದೆ. ಕತ್ತಲಾದರೆ ತಾನೇ ಸಾಯುತ್ತದೆ. ಅದೇ ಎರಡು ತಿಂಗಳು ಬಿಟ್ಟು ನೋಡಿ. ಶಿವರಾತ್ರಿಗೆ ಚಳಿ ಶಿವಶಿವಾ ಅಂತ ಓಡಿಹೋಗುತ್ತದೆ ಅನ್ನುತ್ತೇವೆ. ಚಳಿಯ ಜೊತೆ ಇಬ್ಬನಿಯೂ ಹೋಗುತ್ತದೆ. ಮರಗಳು ಎಲೆ ಉದುರಿಸಿರುತ್ತವೆ. ಬಿದಿರು ಒಣಗಿ ನಿಂತಿರುತ್ತದೆ. ಗಾಳಿ ಜೋರಾಗುತ್ತದೆ. ಅದೇ ನೆಲ, ಅದೇ ಹುಲ್ಲು, ಆದರೆ ಬೆಂಕಿ ಬೇರೆ.

ಜೊತೆಗೆ ಇಳಿಜಾರಿನ ಲೆಕ್ಕ ಒಂದಿದೆ. ಬೆಂಕಿ ಮೇಲಕ್ಕೆ ಹತ್ತುವಾಗ ಓಡುತ್ತದೆ. ಏರು ಪ್ರತಿ ಹತ್ತು ಡಿಗ್ರಿ ಜಾಸ್ತಿಯಾದಾಗ ಅದರ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂದು ಬೆಂಕಿ ಕೆಲಸದವರು ಲೆಕ್ಕ ಇಟ್ಟುಕೊಳ್ಳುತ್ತಾರೆ. ಬೆಟ್ಟದ ಬುಡದಲ್ಲಿ ಹತ್ತಿದರೆ ಮೇಲೆ ನಿಂತವರು ಓಡಿ ತಪ್ಪಿಸಿಕೊಳ್ಳಲು ಆಗದಿರುವುದು ಇದಕ್ಕೇ. 2017ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ತೀರಿಕೊಂಡರು. ಚಾರಣಕ್ಕೆ ಹೋಗುವವರು ಇದ್ದೀರಿ, ಅದಕ್ಕೇ ಹೇಳುತ್ತಿದ್ದೇನೆ. ಕೆಳಗೆ ಹೊಗೆ ಕಂಡರೆ ಮೇಲೆ ಹತ್ತಬೇಡಿ. ಅಡ್ಡಕ್ಕೆ ಸರಿದು ಬಂಡೆಯೋ, ಬರಿ ನೆಲವೋ, ಈಗಾಗಲೇ ಸುಟ್ಟ ಜಾಗವೋ ಹುಡುಕಿ.

ಸರಿ, ಸಂಕ್ರಾಂತಿಗೆ ಬಂದಿದ್ದರೆ ನಾವು ಏನು ಮಾಡುತ್ತಿದ್ದೆವು? ಬೆಂಕಿ ರೇಖೆ. ಗಾರ್ಡುಗಳು, ವಾಚರುಗಳು ಫೈರ್ ಲೈನ್ ಅಂತಲೇ ಕರೆಯುತ್ತಾರೆ. ರಸ್ತೆ, ಕಾಲುದಾರಿ, ಕಾಡಿನ ಗಡಿ, ಇವುಗಳ ಗುಂಟ ಒಂದು ಪಟ್ಟಿ ಗುರುತು ಮಾಡುತ್ತಾರೆ. ಜಾಗ ನೋಡಿಕೊಂಡು ಅಗಲ. ನವೆಂಬರ್ ಡಿಸೆಂಬರಿನಲ್ಲಿ ಆ ಪಟ್ಟಿಯ ಎರಡು ಅಂಚಿನ ಹುಲ್ಲು, ಪೊದೆ ಕಡಿದು ಪಟ್ಟಿಯ ಒಳಕ್ಕೆ ಎಳೆದು ಹಾಕುತ್ತಾರೆ. ಕೆಲವು ದಿನ ಒಣಗಲು ಬಿಡುತ್ತಾರೆ. ಆಮೇಲೆ ಗಾಳಿ ಕಡಿಮೆ ಇರುವ ಹೊತ್ತು ನೋಡಿ ಸುಡುತ್ತಾರೆ. ಬೇಸಿಗೆಯಲ್ಲಿ ಎಲ್ಲೋ ಬೆಂಕಿ ಬಿದ್ದರೆ ಈ ಕರಿ ಪಟ್ಟಿಗೆ ಬಂದು ನಿಲ್ಲಬೇಕು. ಅಲ್ಲಿ ಸುಡಲು ಏನೂ ಉಳಿದಿರುವುದಿಲ್ಲ.

ಹೇಳುವಾಗ ಸುಲಭ. 2019ರ ಆ ಬೇಸಿಗೆಯ ನಂತರ ನಾವು ಒಂದಷ್ಟು ಜನ ಜನವರಿಯಲ್ಲಿ ಇಲಾಖೆಯವರ ಜೊತೆ ಈ ಕೆಲಸಕ್ಕೆ ಹೋಗುತ್ತಿದ್ದೇವೆ. ನಾನು ಮೊದಲು ಕಲಿತದ್ದು ಗಾಳಿಯ ವಿಷಯ. ಬೆಂಕಿಯನ್ನು ಗಾಳಿಗೆ ಎದುರಾಗಿ ನಡೆಸಬೇಕು. ಗಾಳಿ ಬೀಸುವ ಕಡೆಗೆ ಬಿಟ್ಟರೆ ಅದು ತಲೆ ಎತ್ತಿ ಓಡುತ್ತದೆ. ಎದುರಾಗಿ ಬಿಟ್ಟರೆ ತಲೆ ತಗ್ಗಿಸಿ ನಿಧಾನವಾಗಿ ಮೇಯುತ್ತಾ ಬರುತ್ತದೆ. ನಿಮಗೆ ಅದರ ಪಕ್ಕದಲ್ಲೇ ನಡೆಯಬಹುದು. ನಾನು ಹೋದ ಮೊದಲ ದಿನ ಮಧ್ಯಾಹ್ನ ಹನ್ನೊಂದೂವರೆಗೆ ಗಾಳಿ ತಿರುಗಿತು. ನಮ್ಮ ಸಾಲು ನಡೆಸುತ್ತಿದ್ದ ವಾಚರ್ ಒಂದು ಹಿಡಿ ಮಣ್ಣು ತೂರಿ ನೋಡಿದರು. “ಇವತ್ತಿಗೆ ಸಾಕು” ಅಂದರು. ಅರ್ಧ ಕೆಲಸ ಬಾಕಿ ಇತ್ತು. ಬೆಂಗಳೂರಿನಿಂದ ನಾಲ್ಕು ಗಂಟೆ ಬಸ್ಸಿನಲ್ಲಿ ಬಂದ ನಮಗೆ ಬೇಜಾರಾಯಿತು. ಆದರೆ ಯಾರೂ ಎದುರು ಮಾತಾಡಲಿಲ್ಲ. ನಿಲ್ಲಿಸುವುದು ಯಾವಾಗ ಅಂತ ಗೊತ್ತಿರುವವರ ಕೈಯಲ್ಲಿ ಮಾತ್ರ ಬೆಂಕಿ ಇರಬೇಕು.

ಇದನ್ನು ಯಾರು ಕಲಿಸಿದರು? ಬಿಳಿಗಿರಿರಂಗನ ಬೆಟ್ಟದ ಆದಿವಾಸಿಗಳಾದ ಸೋಲಿಗರಲ್ಲಿ ‘ತರಗು ಬೆಂಕಿ’ ಅನ್ನುವ ಪದ ಇದೆ. ಎಷ್ಟು ಒಳ್ಳೆಯ ಪದ ನೋಡಿ. ತರಗೆಲೆಯನ್ನು ಮಾತ್ರ ಸುಡುವ ಬೆಂಕಿ. ಬೆಂಕಿಯ ಅಳತೆ ಹೆಸರಲ್ಲೇ ಇದೆ. ಬೇಸಿಗೆ ಶುರುವಾಗುವ ಮೊದಲೇ ಅವರು ನೆಲದ ತರಗಿಗೆ ಸಣ್ಣ ಬೆಂಕಿ ಹಾಕುತ್ತಿದ್ದರು. ದಾರಿ ತೆರೆಯುತ್ತಿತ್ತು, ಹೊಸ ಹುಲ್ಲು ಚಿಗುರುತ್ತಿತ್ತು. ನೆಲ್ಲಿಮರಕ್ಕೆ ಅಂಟುವ ಬಂದಳಿಕೆಯನ್ನು ಅವರು ಉಪ್ಪಿಲು ಅನ್ನುತ್ತಾರೆ. ಆ ಬೆಂಕಿಯಿಂದ ಉಪ್ಪಿಲು ಹತೋಟಿಯಲ್ಲಿ ಇರುತ್ತಿತ್ತು, ಹೊರಗಿನಿಂದ ಬಂದು ಹಬ್ಬಿದ ಲಂಟಾನ ಪೊದೆ ಎಳೆಯದಾಗಿದ್ದಾಗಲೇ ಸಾಯುತ್ತಿತ್ತು ಎಂದು ಹಿರಿಯರು ಹೇಳುತ್ತಾರೆ.

1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1974ರಲ್ಲಿ ಆ ಕಾಡು ಅಭಯಾರಣ್ಯವಾಯಿತು. ತರಗು ಬೆಂಕಿ ನಿಂತಿತು. ಅದು ಅಪರಾಧವಾಯಿತು. ಕಾಡು ಉಳಿಸಬೇಕು ಎಂಬ ಒಳ್ಳೆಯ ಮನಸ್ಸಿನಿಂದಲೇ ಆದದ್ದು, ಅದರಲ್ಲಿ ನನಗೆ ಅನುಮಾನವಿಲ್ಲ. ಆದರೆ ಏನಾಯಿತು ನೋಡಿ. ನಮ್ಮ ಬೆಂಗಳೂರಿನದೇ ಆದ ಏಟ್ರೀ ಸಂಸ್ಥೆಯ ಸಂಶೋಧಕರು ಅಲ್ಲಿ 1997ರಲ್ಲಿ ಅಳತೆ ಮಾಡಿದ್ದ ಜಾಗಗಳನ್ನೇ 2008ರಲ್ಲಿ ಮತ್ತೆ ನೋಡಿದರು. ಅಷ್ಟರಲ್ಲಿ ಲಂಟಾನ ಇರುವ ಜಾಗಗಳು ಹೆಚ್ಚುಕಡಿಮೆ ಇಮ್ಮಡಿಯಾಗಿದ್ದವು.

2011ರಲ್ಲಿ ಅರಣ್ಯ ಹಕ್ಕು ಕಾಯ್ದೆಯ ಅಡಿಯಲ್ಲಿ ಸೋಲಿಗರ ಪೋಡುಗಳಿಗೆ, ಅಂದರೆ ಅವರ ಹಾಡಿಗಳಿಗೆ, ಸಮುದಾಯ ಹಕ್ಕು ಸಿಕ್ಕಿತು. ಹುಲಿ ಮೀಸಲು ಕಾಡಿನೊಳಗೆ ಅಂಥ ಹಕ್ಕು ದೇಶದಲ್ಲಿ ಮೊದಲು ಸಿಕ್ಕಿದ್ದು ಅಲ್ಲೇ. ಜೇನು, ನೆಲ್ಲಿಕಾಯಿ ತರುವುದಕ್ಕೆ ಕಾನೂನಿನ ಬಲ ಬಂತು. ಬೆಂಕಿಯ ಮಾತು ಮಾತ್ರ ಹಾಗೇ ಉಳಿದಿದೆ.

ಇಲ್ಲಿ ಒಂದು ತೊಡಕಿದೆ. ಅದನ್ನು ಮುಚ್ಚಿಟ್ಟು ಮಾತಾಡಿದರೆ ತಪ್ಪಾಗುತ್ತದೆ. ಈಗ ಹೋಗಿ ತರಗು ಬೆಂಕಿ ಹಾಕಿಬಿಡೋಣ ಅಂದರೆ ಆಗುವುದಿಲ್ಲ. ಅಂದಿನ ಕಾಡು ಈಗ ಇಲ್ಲ. ಆಗ ನೆಲದಲ್ಲಿ ಹುಲ್ಲು, ತರಗು ಇತ್ತು. ಈಗ ಆಳೆತ್ತರದ ಲಂಟಾನ ಇದೆ. ಅದು ಒಣಗಿದರೆ ನೆಲದ ಬೆಂಕಿಗೆ ಏಣಿ ಇಟ್ಟ ಹಾಗೆ. ಮರದ ಕೊಂಬೆಗೆ ಹತ್ತಿಸಿಬಿಡುತ್ತದೆ. ಮತ್ತಿ ಮರದ ತೊಗಟೆ ನೋಡಿದ್ದೀರಾ? ಮೊಸಳೆ ಚರ್ಮದ ಹಾಗೆ ದಪ್ಪ, ಸೀಳು ಸೀಳು. ಸಣ್ಣ ಬೆಂಕಿ ಅದಕ್ಕೆ ಏನೂ ಮಾಡುವುದಿಲ್ಲ. ಆದರೆ ಲಂಟಾನದ ಉರಿಯಲ್ಲಿ ಅಂಥ ಮರವೂ ಸಾಯಬಹುದು. ಹಾಗಾಗಿ ಮೊದಲು ಲಂಟಾನವನ್ನು ಬೇರಿನ ಬುಡದಲ್ಲಿ ಕಡಿದು ತೆಗೆಯಬೇಕು, ಆಮೇಲೆ ಬೆಂಕಿ. ಅದೂ ತುಂಡು ತುಂಡಾಗಿ. ಈ ವರ್ಷ ಒಂದು ತುಂಡು, ಮುಂದಿನ ವರ್ಷ ಪಕ್ಕದ್ದು. ನೆಲದಲ್ಲಿ ಮೊಟ್ಟೆ ಇಡುವ ಹಕ್ಕಿಗೆ, ಆಮೆಗೆ, ಹಾವಿಗೆ ಹೋಗಲು ಜಾಗ ಬೇಕು. ಮಲೆನಾಡಿನ ಹಸಿರು ಕಾಡಿಗೆ, ಎತ್ತರದ ಬೆಟ್ಟದ ಕಣಿವೆಗಳ ಶೋಲಾ ಕಾಡಿಗೆ ಬೆಂಕಿಯ ಮಾತೇ ಬೇಡ. ನಾನು ಹೇಳುತ್ತಿರುವುದು ಎಲೆ ಉದುರುವ ಒಣಕಾಡಿನ ವಿಷಯ ಮಾತ್ರ.

ಲಂಟಾನ ಕಡಿಯುವುದು ಸಣ್ಣ ಕೂಲಿ ಕೆಲಸವಲ್ಲ. ಬೆಂಗಳೂರಿನಲ್ಲಿ ಲಂಟಾನ ಕಡ್ಡಿಯಿಂದ ಮಾಡಿದ ಆನೆಗಳ ಪ್ರದರ್ಶನ ಆಗಿತ್ತು, ನೆನಪಿದೆಯಾ? ನಿಜದ ಆನೆಯಷ್ಟೇ ದೊಡ್ಡವು. ಮಕ್ಕಳನ್ನು ಕರೆದುಕೊಂಡು ಹೋಗಿ ಫೋಟೋ ತೆಗೆಸಿಕೊಂಡಿರುತ್ತೀರಿ. ನೀಲಗಿರಿ ಕಡೆಯ ಆದಿವಾಸಿ ಕುಶಲಕರ್ಮಿಗಳು ಮಾಡಿದ್ದು ಅವು. ಮಲೆ ಮಹದೇಶ್ವರ ಬೆಟ್ಟದಲ್ಲಿ ಸೋಲಿಗರು ಅದರಲ್ಲಿ ಕುರ್ಚಿ, ಮೇಜು ಮಾಡುತ್ತಾರೆ. ಮನೆಗೆ ಒಂದು ಕುರ್ಚಿ ತಂದರೆ ಕಾಡಿನಿಂದ ಅಷ್ಟು ಸೌದೆ ಕಡಿಮೆಯಾದ ಹಾಗೆ. ನಮ್ಮ ಮನೆಯ ಜಗಲಿಯಲ್ಲಿ ಒಂದಿದೆ.

ಬೆಂಕಿಯನ್ನು ಪೂರ್ತಿ ಹೊರಗಿಟ್ಟರೆ ಏನಾಗುತ್ತದೆ ಅನ್ನುವುದನ್ನು ಅಮೆರಿಕ ದೊಡ್ಡ ಬೆಲೆ ಕೊಟ್ಟು ಕಲಿತಿದೆ. 1910ರ ಆಗಸ್ಟಿನಲ್ಲಿ ಅಲ್ಲಿನ ಐಡಾಹೊ, ಮೊಂಟಾನಾ ಕಡೆ ಎರಡೇ ದಿನದಲ್ಲಿ ಸುಮಾರು 30 ಲಕ್ಷ ಎಕರೆ ಸುಟ್ಟಿತು. ಆ ಭಯದಲ್ಲಿ ಅವರು ಎಲ್ಲ ಬೆಂಕಿಯನ್ನೂ ಆರಿಸಲು ಹೊರಟರು. 1935ರಲ್ಲಿ ನಿಯಮವೇ ಬಂತು. ಯಾವ ಬೆಂಕಿ ಕಂಡರೂ ಮರುದಿನ ಬೆಳಿಗ್ಗೆ ಹತ್ತು ಗಂಟೆಯೊಳಗೆ ಹತೋಟಿಗೆ ತರಬೇಕು. ಕ್ಯಾಲಿಫೋರ್ನಿಯಾದ ಕರುಕ್, ಯುರೋಕ್ ಮೂಲನಿವಾಸಿಗಳು ತಲೆತಲಾಂತರದಿಂದ ಹಾಕುತ್ತಿದ್ದ ಸಣ್ಣ ಬೆಂಕಿಗಳೂ ನಿಂತವು. ಆರಿಸಿ ಆರಿಸಿ ಕಾಡಿನಲ್ಲಿ ಸೌದೆ ಬೆಳೆಯುತ್ತಾ ಹೋಯಿತು. 2018ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾದ ಪ್ಯಾರಡೈಸ್ ಎಂಬ ಊರೇ ಸುಟ್ಟುಹೋಯಿತು. 85 ಜನ ಸತ್ತರು. ಬರಗಾಲ, ಬಿರುಗಾಳಿ, ವಿದ್ಯುತ್ ತಂತಿ, ಕಾಡಿನ ಅಂಚಿಗೆ ಕಟ್ಟಿದ ಮನೆಗಳು, ಕಾರಣಗಳು ಹಲವು. ಸೇರಿಕೊಂಡ ಸೌದೆಯೂ ಅದರಲ್ಲಿ ಒಂದು.

ಅದೇ ರಾಜ್ಯದ ಹಂಬೋಲ್ಟ್ ಜಿಲ್ಲೆಯಲ್ಲಿ ಆ ಹೊತ್ತಿಗೆ ಜಮೀನಿನವರು ಒಂದು ಸಂಘ ಕಟ್ಟಿಕೊಂಡರು. ಅದರ ಕತೆ ಕೇಳಿದಾಗ ನನಗೆ ನಮ್ಮ ಮುಯ್ಯಾಳು ನೆನಪಾಯಿತು. ನಿಮ್ಮ ಗದ್ದೆ ನಾಟಿಗೆ ನಾವು ಬರುತ್ತೇವೆ, ನಮ್ಮ ನಾಟಿಗೆ ನೀವು ಬನ್ನಿ. ಅಲ್ಲೂ ಹಾಗೇ. ಇವತ್ತು ಒಬ್ಬರ ಹುಲ್ಲುಗಾವಲು ಸುಡಲು ಅಕ್ಕಪಕ್ಕದವರೆಲ್ಲ ಸೇರುತ್ತಾರೆ. ದನ ಸಾಕುವವರು, ಕಾಲೇಜು ಹುಡುಗರು, ಊರಿನ ಅಗ್ನಿಶಾಮಕ ಸ್ವಯಂಸೇವಕರು. ಮುಂದಿನ ವಾರ ಇನ್ನೊಬ್ಬರದ್ದು. ಪಂಪು, ಉಪಕರಣ ಎಲ್ಲ ಹಂಚಿಕೆ. ದುಡ್ಡಿಗಿಂತ ಜಾಸ್ತಿ ಅಲ್ಲಿ ಓಡಾಡುವುದು ನಂಬಿಕೆ.

ತಪ್ಪುವುದಿಲ್ಲವೇ ಅಂತ ಕೇಳುತ್ತೀರಿ. ತಪ್ಪುತ್ತದೆ. 2022ರಲ್ಲಿ ನ್ಯೂ ಮೆಕ್ಸಿಕೊದಲ್ಲಿ ಹಾಗೆ ಹಚ್ಚಿದ ಬೆಂಕಿ ಕೈಮೀರಿ 3 ಲಕ್ಷ 40 ಸಾವಿರ ಎಕರೆ ಸುಟ್ಟಿತು. ನೂರಾರು ಮನೆ ಹೋದವು. ಅದರಲ್ಲಿ ಒಂದು ಬೆಂಕಿಯ ಕತೆ ಕೇಳಿ. ಜನವರಿಯಲ್ಲಿ ಕಡ್ಡಿಯ ಗುಡ್ಡೆ ಸುಟ್ಟಿದ್ದರು. ಆರಿದೆ ಅಂದುಕೊಂಡರು. ಮೇಲೆ ಹಿಮ ಬಿತ್ತು. ಹಿಮದ ಕೆಳಗೆ ಅದು ಏಪ್ರಿಲ್‌ವರೆಗೂ ಉಸಿರಾಡುತ್ತಿತ್ತು. ನಮ್ಮಲ್ಲಿ ಹಿಮ ಇಲ್ಲ. ಆದರೆ ಒಣ ಮರದ ಬೊಡ್ಡೆ ಇದೆ, ಆನೆ ಲದ್ದಿ ಇದೆ. ಒಣಗಿದ ಲದ್ದಿ ಹೊರಗೆ ಬೂದಿಯಾಗಿ ಕಂಡರೂ ಒಳಗೆ ತುಂಬ ಹೊತ್ತು ಕೆಂಡವಾಗಿರುತ್ತದೆ. ಅದಕ್ಕೇ ರೇಖೆ ಸುಟ್ಟ ಮರುದಿನ ಮತ್ತೆ ನಡೆದು, ಅಂಗೈ ಹಿಂಭಾಗ ಹತ್ತಿರ ಹಿಡಿದು, ಬಿಸಿ ಇದೆಯಾ ಅಂತ ನೋಡುತ್ತಾರೆ. ಈ ಕೆಲಸಕ್ಕೆ ಜನ ಸಾಲುವುದಿಲ್ಲ. ಸುಡುವ ದಿನ ಬಂದವರು ಮರುದಿನ ಇರುವುದಿಲ್ಲ. ನಾವು ಹೋಗಬೇಕಾದದ್ದು ಆ ಮರುದಿನ.

ಇನ್ನು, ಬೆಂಕಿ ಇಡುವವರು ಯಾರು ಅನ್ನುವ ಪ್ರಶ್ನೆ. ನಮ್ಮ ಕಾಡಿನಲ್ಲಿ ಬೆಂಕಿ ತಾನಾಗಿ ಹುಟ್ಟುವುದು ತೀರ ಅಪರೂಪ. ಮನುಷ್ಯರ ಕೈಯಿಂದಲೇ ಬರುತ್ತದೆ. ಕೆಲವು ಸಲ ಅಜಾಗರೂಕತೆ, ಕೆಲವು ಸಲ ಸಿಟ್ಟು. 1921ರಲ್ಲಿ ಹಿಮಾಲಯದ, ಈಗಿನ ಉತ್ತರಾಖಂಡದ, ಕುಮಾವೂನಿನ ಜನ ಬ್ರಿಟಿಷರ ಅರಣ್ಯ ಕಾನೂನಿನ ಮೇಲಿನ ಸಿಟ್ಟಿಗೆ ಕಾಡಿಗೇ ಬೆಂಕಿ ಇಟ್ಟರು. ಹತ್ತು ವರ್ಷ ಬಿಟ್ಟು, 1931ರಲ್ಲಿ, ಅಲ್ಲಿ ವನ ಪಂಚಾಯಿತಿಗಳು ಬಂದವು. ಊರಿಗೆ ತನ್ನ ಕಾಡು ಸಿಕ್ಕಿತು. ದನ ಮೇಯಿಸಲು ಬಿಡದ, ಸೌದೆ ತರಲು ಬಿಡದ, ಆನೆ ತಿಂದ ಬೆಳೆಗೆ ಪರಿಹಾರ ಬರದ ಕಾಡು ಉರಿದರೆ ಅಂಚಿನ ಹಳ್ಳಿಯವನಿಗೆ ಏನನಿಸಬೇಕು, ನೀವೇ ಹೇಳಿ. ಅದೇ ಹಳ್ಳಿಯ ನಾಲ್ಕು ಜನಕ್ಕೆ ಬೇಸಿಗೆಯಲ್ಲಿ ವಾಚರ್ ಕೆಲಸ, ಹೊತ್ತಿಗೆ ಸರಿಯಾಗಿ ಸಂಬಳ, ಕಾಲಿಗೆ ಗಟ್ಟಿ ಶೂ ಸಿಕ್ಕಿದರೆ ಅವರೇ ಮೊದಲು ಓಡಿ ಬರುತ್ತಾರೆ. ಉಪಗ್ರಹ ನೋಡಿ ಎಸ್ಸೆಮ್ಮೆಸ್ ಕಳಿಸುವ ವ್ಯವಸ್ಥೆ ನಮ್ಮ ದೇಶದಲ್ಲಿದೆ. ಡೆಹ್ರಾಡೂನಿನ ಫಾರೆಸ್ಟ್ ಸರ್ವೆ ಆಫ್ ಇಂಡಿಯಾ ನಡೆಸುತ್ತದೆ. ಯಾರು ಬೇಕಾದರೂ ಹೆಸರು ನೋಂದಾಯಿಸಬಹುದು. ಒಳ್ಳೆಯ ಕೆಲಸ. ಆದರೆ ಉಪಗ್ರಹ ದಿನಕ್ಕೆ ಕೆಲವೇ ಸಲ ನಮ್ಮ ತಲೆಯ ಮೇಲೆ ಹಾಯುತ್ತದೆ. ಹಳ್ಳಿಯ ಅಜ್ಜಿ ಇಡೀ ದಿನ ಅಂಗಳದಲ್ಲಿ ಇರುತ್ತಾಳೆ.

ಈಗ ನಮ್ಮೂರಿಗೆ, ಬೆಂಗಳೂರಿಗೆ ಬರುತ್ತೇನೆ. ತುರಹಳ್ಳಿ ಕಾಡು ಇಲ್ಲಿಂದ ಎಷ್ಟು ದೂರ? ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಅಂಚಿನಲ್ಲಿ ಲೇಔಟು, ತೋಟದ ಮನೆಗಳು ಎದ್ದಿವೆ. ನಿಮ್ಮದೂ ಒಂದು ಇರಬಹುದು. ನಾನು ಹೇಳಿದ್ದನ್ನು ಕೇಳಿ ದಯವಿಟ್ಟು ಯಾರೂ ಮನೆಗೆ ಹೋಗಿ ಬೆಂಕಿಪೊಟ್ಟಣ ತೆಗೆಯಬೇಡಿ. ಕಾಡಿಗೆ ಬೆಂಕಿ ಹಚ್ಚುವುದು ಅಪರಾಧ. ಇಲಾಖೆಯವರು, ಅನುಭವಿಗಳು ಇಲ್ಲದೆ ಆ ಕೆಲಸ ಮಾಡುವಂತೆಯೇ ಇಲ್ಲ. ನಗರದೊಳಗೆ ಖಾಲಿ ಸೈಟಿನ ಹುಲ್ಲು, ಎಲೆ ಸುಡುವುದೂ ಬೇಡ. ಪಕ್ಕದ ಮನೆಯಲ್ಲಿ ಆಸ್ತಮಾ ಇರುವ ಮಗು ಇರುತ್ತದೆ. ಅಲ್ಲಿ ಕುಡುಗೋಲು ಸಾಕು. ಯಲಹಂಕದ ಆ ಬಯಲನ್ನು ನೆನೆಸಿಕೊಂಡು ಜನವರಿಯಲ್ಲೇ ಕೊಯ್ಸಿ, ಗೊಬ್ಬರದ ಗುಂಡಿಗೆ ಹಾಕಿ. ತೋಟದ ಮನೆ ಇರುವವರು ಮನೆಯ ಸುತ್ತ ಮೂವತ್ತು ಹೆಜ್ಜೆ ಒಣಹುಲ್ಲು, ಸೌದೆ ರಾಶಿ ಇಲ್ಲದ ಹಾಗೆ ನೋಡಿಕೊಳ್ಳಿ. ಮಾಳಿಗೆಯ ಮೂಲೆ, ನೀರು ಹರಿಯುವ ದೋಣಿಯ ತರಗೆಲೆ ತೆಗೆಸಿ. ಮನೆಗಳು ಹತ್ತುವುದು ಹೆಚ್ಚಾಗಿ ಗಾಳಿಯಲ್ಲಿ ಹಾರಿಬಂದ ಕಿಡಿಯಿಂದ.

ಈ ಜನವರಿಯಲ್ಲಿ ನಾವು ಮತ್ತೆ ಹೊರಡುತ್ತಿದ್ದೇವೆ. ಸಂಕ್ರಾಂತಿಗೆ ಮೊದಲಿನ ಎರಡು ಶನಿವಾರ, ಭಾನುವಾರ. ಇಲಾಖೆಯ ಒಪ್ಪಿಗೆ ಬಂದ ಮೇಲೆ ಜಾಗ ತಿಳಿಸುತ್ತೇವೆ. ಶನಿವಾರ ರೇಖೆ ಕಡಿಯುವುದು, ಅವರು ಸುಟ್ಟರೆ ಭಾನುವಾರ ಬೂದಿ ನೋಡುವುದು. ಎರಡು ದಿನವೂ ಇರುವವರು ಮಾತ್ರ ಹೆಸರು ಕೊಡಿ. ಹತ್ತಿ ಬಟ್ಟೆ ಹಾಕಿಕೊಂಡು ಬನ್ನಿ, ಪೂರ್ತಿ ತೋಳಿನದು. ಪಾಲಿಸ್ಟರ್ ಬೇಡ, ಕಿಡಿ ಬಿದ್ದರೆ ಕರಗಿ ಚರ್ಮಕ್ಕೆ ಅಂಟುತ್ತದೆ. ಚರ್ಮದ ಶೂ, ಎರಡು ಬಾಟಲಿ ನೀರು, ಒಂದು ಟವೆಲ್. ಬಸ್ಸು ಬೆಳಿಗ್ಗೆ ನಾಲ್ಕೂವರೆಗೆ ಹೊರಡುತ್ತದೆ. ವಾಚರುಗಳಿಗೆ ಹಳೆಯ ಆದರೆ ಗಟ್ಟಿಯಾದ ಶೂ ಕೊಡುವವರಿದ್ದರೆ ಅಳತೆ ಬರೆದು ತನ್ನಿ, ಏಳು ಮತ್ತು ಎಂಟು ಜಾಸ್ತಿ ಬೇಕು. ಹೆಸರು ಬರೆಯುವ ಪುಸ್ತಕ ಬಾಗಿಲ ಹತ್ತಿರದ ಮೇಜಿನ ಮೇಲಿದೆ.